ಕಂಡಕ್ಟರ್ ನಂಜಯ್ಯನ ನಡಿಗೆ

ಕಪಿಲೆಯ ದಡದಲ್ಲಿ ಅಂಬುಜಾಕ್ಷಿ ಮೇಡಂ ಅವರ ಮನೆ. ಒಂದು ಕಾಲಕ್ಕೆ ಅವರು ಚಿತ್ರಕಲಾ ಶಾಲೆಯಲ್ಲಿ ಆನಿಮೇಷನ್ ಕಲಿಸುತ್ತಿದ್ದರು. ಈಗ ಮನೆಯಲ್ಲೇ ಒಂದು ಗಾಜಿನ ಮೇಜು ಇಟ್ಟುಕೊಂಡು ಮರಳಿನಲ್ಲಿ ಸಿನಿಮಾ ಮಾಡುತ್ತಾರೆ.

ಗಾಜಿನ ಕೆಳಗೆ ದೀಪ, ಮೇಲೆ ಕ್ಯಾಮೆರಾ. ಗಾಜಿನ ಮೇಲೆ ಮರಳು ಹರಡಿ, ಬೆರಳಿನಿಂದ ಚಿತ್ರ ಬಿಡಿಸಿ, ಒಂದು ಫೋಟೋ ತೆಗೆಯಬೇಕು. ಆಮೇಲೆ ಅದೇ ಮರಳನ್ನು ಚೂರೇ ಚೂರು ಸರಿಸಿ ಇನ್ನೊಂದು ಫೋಟೋ. ಎಲ್ಲವನ್ನೂ ಸಾಲಾಗಿ ಓಡಿಸಿದರೆ ಮರಳಿನ ಮನುಷ್ಯ ಎದ್ದು ನಡೆಯುತ್ತಾನೆ.

ಹಳೆಯ ಶಿಷ್ಯ ಶ್ರೀಕಂಠ ಅವರನ್ನು ಹುಡುಕಿಕೊಂಡು ಬಂದ. ಅವನಿದ್ದ ಸ್ಟುಡಿಯೋ ಚಿತ್ರ ಬರೆಯುವವರನ್ನೆಲ್ಲ ಮನೆಗೆ ಕಳಿಸಿತ್ತು.

"ಅಪ್ಪನ ಮೇಲೆ ಒಂದು ಪುಟ್ಟ ಸಿನಿಮಾ ಮಾಡಬೇಕು ಮೇಡಂ. ಬಸ್ ಕಂಡಕ್ಟರ್ ಆಗಿದ್ದರು. ತೀರಿಕೊಂಡು ತುಂಬ ವರ್ಷ ಆಯಿತು. ಅವರು ಬಸ್ಸಿನೊಳಗೆ ನಡೀತಿದ್ದದ್ದು ಮಾತ್ರ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ."

"ಇಲ್ಲೇ ಇರು. ಮಾಡು," ಎಂದರು ಮೇಡಂ. ಜರಡಿಯನ್ನು ಅವನ ಕೈಗೆ ಕೊಟ್ಟರು. "ಮೊದಲು ಮರಳು ಜರಡಿ ಹಿಡಿ."

ಬೆಳಗ್ಗೆ ಎದ್ದರೆ ಶ್ರೀಕಂಠನ ಕೈಗೆ ಜರಡಿಗಿಂತ ಮುಂಚೆ ಫೋನ್ ಬರುತ್ತಿತ್ತು. ಆನಿಮೇಷನ್ ಲೋಕದ ಸುದ್ದಿಯನ್ನೆಲ್ಲ ಓದಿ, ಕಾಫಿ ಕುಡಿಯುವಾಗ ಮೇಡಂಗೂ ಹೇಳುತ್ತಿದ್ದ.

"ದೊಡ್ಡ ಸ್ಟುಡಿಯೋ ಒಂದು ಬಾಗಿಲು ಹಾಕ್ತಂತೆ ಮೇಡಂ."

"ಹೌದಾ? ಪಾಪ," ಎಂದರು ಮೇಡಂ. "ಕಾಫಿ ಆರಿಹೋಗ್ತಿದೆ ನೋಡು."

ಅವತ್ತು ಅವನು ಮರಳು ಮುಟ್ಟಲಿಲ್ಲ.

ಇನ್ನೊಂದು ದಿನ ಕುಣಿಯುತ್ತಲೇ ಬಂದ. "ಕೈಯಲ್ಲೇ ಬರೆದ ಸಿನಿಮಾಕ್ಕೆ ಎಲ್ಲೋ ದೊಡ್ಡ ಬಹುಮಾನ ಬಂದಿದೆ! ಎಂಥ ಬಣ್ಣ ಅಂತೀರಿ! ನಾನೂ ಮರಳು ಬಿಟ್ಟು ಹಾಗೇ ಬಣ್ಣದಲ್ಲಿ ಮಾಡಲಾ?"

"ಮೊನ್ನೆ ಸುದ್ದಿ ಓದಿ ಕೈ ಕಟ್ಟಿ ಕೂತೆ. ಇವತ್ತು ಸುದ್ದಿ ಓದಿ ಕೈ ಬದಲಾಯಿಸ್ತೀನಿ ಅಂತೀಯ. ಕೈ ಯಾರದಪ್ಪ?"

ಶ್ರೀಕಂಠ ಜರಡಿ ಹಿಡಿದ.

ಆದರೆ ಮೂರನೆಯ ಸುದ್ದಿ ಅವನನ್ನು ಅಲ್ಲಾಡಿಸಿಬಿಟ್ಟಿತು. ಬೇಕಾದ್ದನ್ನು ಮಾತಿನಲ್ಲಿ ಹೇಳಿದರೆ ಸಾಕು, ಕಂಪ್ಯೂಟರೇ ಚಿತ್ರವನ್ನು ನಡೆಸಿಬಿಡುತ್ತದಂತೆ. ಅವನೂ ಪರೀಕ್ಷೆ ಮಾಡಿ ನೋಡಿದ. ಕಣ್ಣು ಮಿಟುಕಿಸುವುದರೊಳಗೆ ಖಾಕಿ ಅಂಗಿಯ ಕಂಡಕ್ಟರ್ ಒಬ್ಬ ಬಸ್ಸಿನೊಳಗೆ ಠೀವಿಯಿಂದ ನಡೆದು ಬಂದ.

ಮೇಡಂ ಮುಂದೆ ಫೋನ್ ಹಿಡಿದಾಗ ಶ್ರೀಕಂಠನ ಮುಖ ಸಣ್ಣದಾಗಿತ್ತು. "ನಾನು ಒಂದು ವರ್ಷ ಒದ್ದಾಡಿದರೂ ಇಷ್ಟು ಚೆನ್ನಾಗಿ ಬರಲ್ಲ. ಇನ್ನು ಯಾಕೆ ಮಾಡಬೇಕು ಹೇಳಿ."

ಮೇಡಂ ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದರು. "ಚೆನ್ನಾಗಿದೆ. ಯಾರಿವರು?"

"ಕಂಡಕ್ಟರ್."

"ಅದು ಗೊತ್ತಾಯ್ತು. ಯಾರು?"

ಶ್ರೀಕಂಠ ಫೋನನ್ನು ಇನ್ನೊಮ್ಮೆ ನೋಡಿದ.

"ನಿಮ್ಮ ಅಪ್ಪ ಹೀಗೇ ನಡೀತಿದ್ರಾ?"

"ಇಲ್ಲ."

"ಮತ್ತೆ ಹೇಗೆ?"

ಅವನು ಎದ್ದು ನಡೆದು ತೋರಿಸಲು ಹೋದ. ನಾಲ್ಕು ಹೆಜ್ಜೆ ಹಾಕಿ ನಿಂತುಬಿಟ್ಟ. ಕಣ್ಣಿಗೆ ಕಟ್ಟಿದ್ದ ನಡಿಗೆ ಕಾಲಿಗೆ ಬರಲಿಲ್ಲ.

ಮೇಡಂ ಗೂಡಿನಿಂದ ಕೊಡೆ ತೆಗೆದುಕೊಂಡು ಚಪ್ಪಲಿ ಮೆಟ್ಟಿದರು. "ನಡಿ, ಬಸ್ಸಿಗೆ ಹೋಗೋಣ."

ಗುಂಡ್ಲುಪೇಟೆ ಬಸ್ಸಿನಲ್ಲಿ ಸೀಟುಗಳು ಖಾಲಿ ಇದ್ದವು. ಮೇಡಂ ಕಿಟಕಿ ಪಕ್ಕ ಆರಾಮವಾಗಿ ಕುಳಿತರು.

"ನೀನು ನಿಂತುಕೋ. ಕಂಬಿ ಹಿಡೀಬೇಡ."

ಮೊದಲನೇ ತಿರುವಿಗೇ ಶ್ರೀಕಂಠ ಬಾಳೆಹಣ್ಣಿನ ಬುಟ್ಟಿ ಇಟ್ಟುಕೊಂಡಿದ್ದವರೊಬ್ಬರ ತೊಡೆಯ ಮೇಲೆ ಹೋಗಿ ಕೂತ.

"ಏನ್ ಸ್ವಾಮಿ, ಹಿಡ್ಕೊಳಕ್ಕೆ ಅಂತಾನೇ ಕಂಬಿ ಹಾಕವ್ರಲ್ಲ!"

ಟಿಕೆಟ್ ಕೊಡುತ್ತ ಬಂದ ಕಂಡಕ್ಟರ್ ಹೆಂಗಸು ನಕ್ಕರು. "ಅಷ್ಟೊಂದು ಸೀಟ್ ಖಾಲಿ ಇದೆಯಲ್ಲಣ್ಣ, ಕೂತ್ಕೊಳ್ಳಿ."

"ಇಲ್ಲಮ್ಮ," ಎಂದರು ಮೇಡಂ. "ಅವನು ನಿಲ್ಲೋದನ್ನ ಕಲಿಯೋಕೆ ಬಂದಿದ್ದಾನೆ."

ಬಸ್ಸಿಗೆ ಬಸ್ಸೇ ನಕ್ಕಿತು. ಶ್ರೀಕಂಠನ ಕಿವಿ ಕೆಂಪಾದವು. ಬಿದ್ದ, ಎದ್ದ, ಸೀಟಿನ ಬೆನ್ನಿಗೆ ಸೊಂಟ ಒತ್ತಿ ನಿಲ್ಲಲು ನೋಡಿದ, ಮತ್ತೆ ಬಿದ್ದ. ಗುಂಡ್ಲುಪೇಟೆ ತಲುಪುವಷ್ಟರಲ್ಲಿ ಮೈಕೈಯೆಲ್ಲ ನೋವು.

ವಾಪಸ್ ಬರುವಾಗಲೂ ನಿಂತ. ಅರ್ಧ ದಾರಿಯಲ್ಲಿ ಅವನ ಮೊಣಕಾಲು ತಾನಾಗಿಯೇ ಮಡಚಿಕೊಂಡಿತು. ಆಮೇಲೆ ತಿರುವು ಬಂತು. ಅವನು ಬೀಳಲಿಲ್ಲ.

"ಮೇಡಂ!" ಎಂದು ಕೂಗಿಬಿಟ್ಟ. "ಅಪ್ಪ ತಿರುವಿಗೆ ಮುಂಚೇನೇ ಕಾಲು ಮಡಚ್ತಿದ್ರು! ಆಚೆ ನೋಡ್ತಾನೇ ಇರಲಿಲ್ಲ, ಚಿಲ್ಲರೆ ಎಣಿಸ್ತಾ ಇರೋರು. ಆದರೂ ತಿರುವು ಬರುತ್ತೆ ಅಂತ ಅವರ ಕಾಲಿಗೆ ಗೊತ್ತಿರ್ತಿತ್ತು!"

ಮೇಡಂ ತಮ್ಮ ಪಕ್ಕದ ಸೀಟು ತಟ್ಟಿದರು. "ಈಗ ಬಂದು ಕೂತ್ಕೋ."

ಮರುದಿನ ಶ್ರೀಕಂಠ ಗಾಜಿನ ಮುಂದೆ ಕುಳಿತ. ಖಾಕಿ ಅಂಗಿ, ಕಂಕುಳಲ್ಲಿ ಚರ್ಮದ ಚೀಲ, ಕಿವಿಯ ಸಂದಿಯಲ್ಲಿ ಪೆನ್ಸಿಲ್. ಮರಳಿನಲ್ಲಿ ಅಪ್ಪ ನಂಜಯ್ಯ ಮೆಲ್ಲಮೆಲ್ಲನೆ ಕಾಣಿಸಿಕೊಂಡರು. ಒಂದು ಫೋಟೋ, ಚೂರು ಮರಳು ಸರಿಸುವುದು, ಇನ್ನೊಂದು ಫೋಟೋ. ಮಳೆಗಾಲ ಬಂದು ಹೋಯಿತು. ಫೋನ್ ಅಡುಗೆಮನೆಯ ಕಿಟಕಿಯಲ್ಲೇ ಇರುತ್ತಿತ್ತು. ಒಮ್ಮೊಮ್ಮೆ ಸುದ್ದಿ ಓದಿದರೂ ಓದಿ ಎದ್ದು ಬಂದು ಕೆಲಸಕ್ಕೆ ಕೂರುತ್ತಿದ್ದ.

ಒಂದು ಮಧ್ಯಾಹ್ನ ಅವನ ಕೈ ಗಾಜಿನ ಮೇಲೆ ನಿಂತುಹೋಯಿತು. ನಂಜಯ್ಯನವರ ಮುಖ ಬಂದಿತ್ತು. ಬರೆದದ್ದಲ್ಲ, ಬಂದದ್ದು. ಮೂಗಿನ ಪಕ್ಕದ ಗೆರೆ, ಚಿಲ್ಲರೆ ಇಲ್ಲದವರನ್ನು ಕಂಡಾಗಿನ ಆ ಹುಸಿಕೋಪ.

ಮೇಡಂ ಊಟಕ್ಕೆ ಕರೆದರು. ಅವನು ಏಳಲಿಲ್ಲ. ಮೇಡಂ ಬಂದು ನೋಡಿದರು.

"ಫೋಟೋ ತೆಗೆದೆಯಾ?"

"ತೆಗೆದೆ."

"ಮತ್ತೆ?"

"ಅಳಿಸೋಕೆ ಮನಸ್ಸು ಬರ್ತಿಲ್ಲ ಮೇಡಂ. ಅಪ್ಪನ ಮುಖ ಇದು. ಮತ್ತೆ ಹೀಗೆ ಬರುತ್ತೋ ಇಲ್ವೋ."

ಮೇಡಂ ಅವನ ಹೆಗಲ ಮೇಲೆ ಕೈ ಇಟ್ಟರು.

"ನೀನು ಅಳಿಸದೇ ಇದ್ದರೆ ಅವರು ಮುಂದಿನ ಸೀಟಿಗೆ ಹೇಗೆ ಹೋಗ್ತಾರಪ್ಪ?"

ಶ್ರೀಕಂಠ ಬೆರಳಿನಿಂದ ಅಪ್ಪನ ಕೆನ್ನೆಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಮೂಗು ಸರಿಸಿದ, ಪೆನ್ಸಿಲ್ ಸರಿಸಿದ. ನಂಜಯ್ಯ ಮುಂದಿನ ಸೀಟಿನತ್ತ ತಿರುಗಿದರು.

ಸಿನಿಮಾ ಮುಗಿದ ದಿನ ಅವನು ಅಮ್ಮನನ್ನು ಕರೆತಂದ. ಪುಟ್ಟತಾಯಮ್ಮನವರಿಗೆ ಮಂಡಿ ನೋವು. ನೆಲದ ಮೇಲೆ ಚಾಪೆ ಹಾಸಿಕೊಂಡು, ಗೋಡೆಯ ಕಡೆಗೆ ಕಾಲು ಚಾಚಿ ಕುಳಿತರು.

ಮೇಡಂ ಕಿಟಕಿ ಮುಚ್ಚಿ ಪ್ರೊಜೆಕ್ಟರ್ ಹಾಕಿದರು. ಸುಣ್ಣ ಬಳಿದ ಗೋಡೆಯ ಮೇಲೆ ಬಸ್ಸು ತುಂಬಿ ಹೊರಟಿತು. ಹಿಂದಿನ ಬಾಗಿಲಿನಿಂದ ನಂಜಯ್ಯ ಬಂದರು. ತಿರುವಿಗೆ ಮುಂಚೆ ಮೊಣಕಾಲು ಮಡಚಿ, ಚೀಲ ಕುಲುಕಿಸಿ, ಸೀಟುಗಳ ನಡುವೆ ತೂಗುತ್ತ, ನೋಡುವವರ ಕಡೆಗೇ ನಡೆದು ಬಂದರು. ಹತ್ತಿರ, ಇನ್ನೂ ಹತ್ತಿರ.

ಪುಟ್ಟತಾಯಮ್ಮ ಚಾಚಿದ್ದ ಕಾಲನ್ನು ಸರಕ್ಕನೆ ಒಳಗೆಳೆದುಕೊಂಡರು.

ನಂಜಯ್ಯ ದಾಟಿ ಹೋದರು. ಗೋಡೆ ಬೆಳ್ಳಗಾಯಿತು. ಪುಟ್ಟತಾಯಮ್ಮ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಕಣ್ಣಲ್ಲಿ ನೀರಿತ್ತು.

ಶ್ರೀಕಂಠ ಮಾತ್ರ ಗೋಡೆಯನ್ನೇ ನೋಡುತ್ತಿದ್ದ. "ಮೇಡಂ, ಕೊನೆಯಲ್ಲಿ ಒಂದು ಹೆಜ್ಜೆ ಚೂರು ಜಾರಿದೆ. ಅಷ್ಟನ್ನ ಮತ್ತೆ ಮಾಡಿಬಿಡಲಾ?"

ಮೇಡಂ ಕಿಟಕಿ ತೆರೆದರು.

"ನಿಮ್ಮಮ್ಮ ಆಗಲೇ ಅವರಿಗೆ ದಾರಿ ಬಿಟ್ಟುಕೊಟ್ಟರಲ್ಲೋ. ಇನ್ನು ಯಾರಿಗೆ ಮಾಡ್ತೀಯ?"