ಹೊಸ ಚರ್ಮದ ಹರಿಗೋಲು

ಕೈಕಾಲು ಇಲ್ಲದೋರ್ನ ಸಾಕೋ ಮನೆ ನಡೆಸ್ತಿದ್ದ ಕೊಟ್ರಪ್ಪ, ಗುರುಗಳ ಹತ್ರ ಬಂದು ಕೇಳಿದ: "ಅಜ್ಜಾರೆ, ಸರ್ಕಾರ ಪದ್ಧತಿ ಬದಲಾಯಿಸೈತೆ. ಇನ್ಮೇಲೆ ಸಹಾಯದ ದುಡ್ಡು ನಮ್ಮ ಮನೆಗೆ ಬರಲ್ಲ, ನಮ್ಮಲ್ಲಿರೋರ ಕೈಗೇ ಹೋಗ್ತೈತೆ. ಅವ್ರು ಬೇಕಾದಲ್ಲಿ ಇರ್ಬಹುದು. ನಾವು ಹೊಂದ್ಕೊಳ್ಳೋಕೆ ಅಂತ ಒಂದಿಷ್ಟು ದುಡ್ಡು ಕೊಟ್ಟೈತೆ. ಇನ್ನೊಂದು ದೊಡ್ಡ ಕೋಣೆ ಕಟ್ಟಿಸ್ಲಾ?"

ಗುರುಗಳು ಬಾಯಲ್ಲಿದ್ದ ಎಲೆಅಡಿಕೆ ಉಗುಳಿದ್ರು. "ಓದಿದೋರು ಇದಕ್ಕೆ ಹತ್ತು ಸಭೆ ಸೇರಿಸ್ತಾರೆ. ನನಗೆ ಒಂದು ಕತೆ ಸಾಕು, ಕೇಳು."

ಒಬ್ಬ ಅಂಬಿಗ ಇದ್ದ. ಕುಂಟರನ್ನ ಹೊಳೆ ದಾಟಿಸಿ ಸಂತೆಗೆ ಬಿಡೋದು ಅವನ ಕೆಲಸ. ಅದಕ್ಕೆ ಅರಮನೆಯಿಂದ ಕಾಳು ಬರ್ತಿತ್ತು. ಯಾರನ್ನ ಸೊಂಟ ಹಿಡಿದು ಎತ್ಬೇಕು, ಯಾರ ಕಂಕುಳಿಗೆ ಕೈ ಕೊಡ್ಬೇಕು ಅನ್ನೋದು ಅವನ ಕೈಗೇ ಗೊತ್ತಿತ್ತು. ಆದ್ರೆ ಅವನು ಮೀಸೆ ತಿರುವ್ತಿದ್ದದ್ದು ಹರಿಗೋಲು ನೋಡ್ಕೊಂಡು.

ಅರಸ ಹೊಳೆಗೆ ಸೇತುವೆ ಕಟ್ಟಿಸೋಕೆ ಹೊರಟ.  ಅಂಬಿಗ ತನ್ನ ಅನ್ನ ಹೋಯ್ತು ಅಂದ್ಕೊಂಡ. ಅರಸ ಕಟುಕನೇನಲ್ಲ. ಹೊಸದಕ್ಕೆ ಹೊಂದ್ಕೊಳ್ಳಲಿ ಅಂತ ಅವನಿಗೊಂದು ದುಡ್ಡಿನ ಗಂಟು ಕಳಿಸಿದ. ಅಂಬಿಗ ಹಿಂದೆಮುಂದೆ ನೋಡದೆ ಹೊಸ ಬಿದಿರು ಹೆಣೆಸಿದ, ಹೊಸ ಚರ್ಮ ಹೊದಿಸಿದ. ಇಂಥಾ ಹರಿಗೋಲು ಇರೋವಾಗ ಸೇತುವೆ ಯಾವ ಲೆಕ್ಕ ಅಂತ ಊರೆಲ್ಲ ಹೇಳ್ಕೊಂಡು ತಿರುಗಿದ.

ಸೇತುವೆ ಮುಗಿಯೋ ಹೊತ್ತಿಗೆ ಹೊಳೆ ತುಂಬಿ ಬಂತು. ಹರಿಗೋಲು ನೀರಿಗೆ ಇಳಿಯೋ ಹಂಗಿಲ್ಲ. ಸೇತುವೆಗೆ ಎರಡೂ ಕಡೆ ಎದೆಯೆತ್ತರ ಮೆಟ್ಲು. ಊರವರು ಹತ್ತಿ ಸಂತೆಗೆ ಹೋದ್ರು. ಕುಂಟರು ಮೆಟ್ಲ ಬುಡದಲ್ಲೇ ಕೂತ್ರು.

ಅಂಬಿಗ ಅವರ ಹತ್ರ ಹೋಗಿ ಹೇಳಿದ: "ನೆರೆ ಇಳೀಲಿ ಬಿಡಿ. ಹೊಸ ಹರಿಗೋಲಲ್ಲಿ ರಾಜರ ಹಂಗೆ ಕೂರಿಸ್ಕೊಂಡು ಹೋಗ್ತೀನಿ."

ಅವರಲ್ಲೊಬ್ಬ ಮುದುಕಿ ನಕ್ಕಳು. "ನಿನ್ನ ಹರಿಗೋಲು ಯಾರಿಗೆ ಬೇಕೋ ಮಗನೆ? ನೀರು ದಾಟೋದು ನಮಗೆ ಯಾವತ್ತೂ ಕಷ್ಟ ಆಗಿರ್ಲಿಲ್ಲ. ದಡ ಹತ್ತೋದೇ ಕಷ್ಟ. ನಿನ್ನ ಹಂಗೆ ಎತ್ತೋದನ್ನ ಇನ್ನು ನಾಲ್ಕು ಜನಕ್ಕೆ ಕಲಿಸಿ, ಅರಸ ಕೊಟ್ಟ ಗಂಟಿನ ದುಡ್ಡಲ್ಲಿ ಅವರಿಗೆ ಅನ್ನ ಹಾಕಿದ್ರೆ, ಇವತ್ತು ನಾವೂ ಸಂತೇಲಿ ಇರ್ತಿದ್ವಿ. ನಿನ್ನ ಕೆಲಸಾನೂ ಉಳೀತಿತ್ತು."

 ಅಂಬಿಗ ಬಗ್ಗಿ ಮುದುಕಿಗೆ ಬೆನ್ನು ಕೊಟ್ಟ. ಇದ್ದದ್ದು ಅವನದೊಂದೇ ಬೆನ್ನು. ಕೂತಿದ್ದೋರು ಬಹಳ ಜನ. ಅವನು ಅರ್ಧ ಜನಾನ ಹತ್ತಿಸೋ ಹೊತ್ತಿಗೆ ಸಂತೆ ಎದ್ದಿತ್ತು.

ಕತೆ ಮುಗೀತು. ಕೊಟ್ರಪ್ಪ ತಲೆ ಕೆರ್ಕೊಂಡ. "ಹಂಗಾದ್ರೆ ಕೋಣೆ ಬೇಡ ಅಂತೀರಾ? ದುಡ್ಡನ್ನ ಇನ್ಯಾತಕ್ಕೆ ಹಾಕ್ಲಿ, ನೀವೇ ಹೇಳಿ ಅಜ್ಜಾರೆ."

ಗುರುಗಳು ಹೇಳಿದ್ರು: "ನನ್ನ ಕೇಳೋಕೆ ಮೂರು ಹಳ್ಳ ದಾಟಿ ಬಂದೆ, ನಿನ್ನ ಮನೇಲಿರೋರ್ನ ಕೇಳೋಕೆ ಪಡಸಾಲೆ ದಾಟಿದ್ಯೇನೋ?"