ಬಾಗಿಲಲ್ಲಿ ನಿಂತ ಅಯ್ಯನವರು

ಒಂದು ಕಾಡಿನಲ್ಲಿ ಕುರಿಗಳದೇ ಒಂದು ಪುಟ್ಟ ಚರ್ಚು ಇತ್ತು. ಯೋಬಯ್ಯ ಎಂಬ ಮುದಿ ಟಗರು ಅದರ ಪಾಸ್ಟರು. ಎಲ್ಲರೂ ಅವರನ್ನು ಅಯ್ಯನವರು ಎನ್ನುತ್ತಿದ್ದರು. ಅಯ್ಯನವರ ಗಂಟಲು ಒಡಕು, ಪ್ರಸಂಗ ಸಪ್ಪೆ. ಆದರೆ ಪ್ರತಿ ಭಾನುವಾರ ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ನಿಂತು, ಒಬ್ಬೊಬ್ಬರ ತಲೆ ಮುಟ್ಟಿ, ಹೆಸರು ಹಿಡಿದು ಮಾತಾಡಿಸಿಯೇ ಕಳಿಸುತ್ತಿದ್ದರು.

"ಹೊಟ್ಟೆ ಚುರುಗುಟ್ಟುವಾಗ ಇದೇನು ಸಾಲಪ್ಪಾ!" ಎಂದು ಕುರಿಗಳು ಗೊಣಗುತ್ತಿದ್ದವು.

ಒಂದು ಭಾನುವಾರ ನರಿಯೊಂದು ಬಿಳಿ ನಿಲುವಂಗಿ ತೊಟ್ಟು ಬಂತು. "ಸ್ತೋತ್ರ! ನಾನೀಗ ಮಾಂಸ ಬಿಟ್ಟು ಬೋಧಕನಾಗಿದ್ದೇನೆ. ಇವತ್ತು ಪ್ರಸಂಗ ನನ್ನದು. ಬಾಗಿಲಲ್ಲಿ ಸಾಲುಗೀಲು ಏನೂ ಬೇಡ," ಎಂದಿತು.

"ಬೇಡ ಮಕ್ಕಳೇ," ಎಂದರು ಅಯ್ಯನವರು. ಯಾರು ಕೇಳಬೇಕು? ಅವರು ಹೋಗಿ ಬಾಗಿಲ ಬಳಿ ನಿಂತರು.

ನರಿಯ ಪ್ರಸಂಗವೋ, ಜೇನು! ಕೊನೆಗೆ, "ಎಲ್ಲರೂ ಕಣ್ಣು ಮುಚ್ಚಿ. ನಾನು ಆಮೆನ್ ಎನ್ನುವವರೆಗೆ ತೆರೆಯಬೇಡಿ," ಎಂದು ಉದ್ದನೆಯ ಪ್ರಾರ್ಥನೆ ಹಿಡಿಯಿತು. ಬಾಯಿ ಪ್ರಾರ್ಥಿಸುತ್ತಿತ್ತು, ಕೈ ಬೇರೇನೋ ಮಾಡುತ್ತಿತ್ತು.

ಆಮೆನ್ ಆಯಿತು. ಕುರಿಗಳು ಬಾಗಿಲಿಗೆ ನುಗ್ಗಿದವು. ಅಯ್ಯನವರು ಕೊಂಬು ಅಡ್ಡ ಇಟ್ಟು, ಎಂದಿನಂತೆ ಒಬ್ಬೊಬ್ಬರ ತಲೆ ಮುಟ್ಟತೊಡಗಿದರು.

"ಮಾರ್ಥಮ್ಮಾ, ನಿನ್ನ ಮಗಳು ಹನ್ನ ಎಲ್ಲಿ? ಅವಳ ತಲೆ ಇನ್ನೂ ಮುಟ್ಟಿಲ್ಲ."

ಮಾರ್ಥಮ್ಮ ಸುತ್ತ ನೋಡಿದಳು. ಮರಿ ಇಲ್ಲ! "ಅಯ್ಯೋ, ನನ್ನ ಕೂಸು!" ಎಂದು ಅರಚಿದಳು.

"ಅವಳು ಆಗಲೇ ಹೋದಳು, ನಾನೇ ಕಂಡೆ," ಎಂದಿತು ನರಿ.

"ಹೌದಾ? ಕುಂಟುಗಾಲು ಹೇಗಿತ್ತು?"

"ಎಡಗಾಲು ತಾನೇ? ಪಾಪ, ಬಹಳ ಎಳೆಯುತ್ತಿದ್ದಳು."

"ನಮ್ಮ ಹನ್ನ ಕುಂಟುವುದೇ ಇಲ್ಲವಲ್ಲೋ ಕಳ್ಳ!" ಎಂದು ಅಯ್ಯನವರು ಗುಡುಗಿದರು. ಆಮೇಲೆ ಅದೇ ಒಡಕು ಗಂಟಲಲ್ಲಿ, "ಹನ್ನಾ!" ಎಂದು ಕೂಗಿದರು.

ಪೀಠದ ಹಿಂದೆ ಮಗುಚಿಟ್ಟ ಬುಟ್ಟಿಯೊಳಗಿಂದ ಟಕ್ ಟಕ್ ಎಂದು ಗೊರಸಿನ ಸದ್ದು ಬಂತು. ಬುಟ್ಟಿ ಎತ್ತಿ ನೋಡಿದರೆ, ಮರಿಯ ಬಾಯಿಗೆ ಬಳ್ಳಿ ಬಿಗಿದಿತ್ತು. ಎಲ್ಲರೂ ಹೋದ ಮೇಲೆ ನರಿಗೆ ಅದೇ ಊಟ!

ನರಿ ಓಡಲು ನೋಡಿತು. ಬಾಗಿಲಲ್ಲಿ ಅಯ್ಯನವರಿದ್ದರಲ್ಲ! ಒಂದೇ ಗುದ್ದಿಗೆ ಅದು ಕಳ್ಳಿಬೇಲಿಗೆ ಹೋಗಿ ಬಿತ್ತು. ನಿಲುವಂಗಿಯೂ ಬಾಲದ ಕೂದಲೂ ಬೇಲಿಗೆ ಕಾಣಿಕೆಯಾದವು. ಬೋಳು ಬಾಲ ಹೊತ್ತುಕೊಂಡು ನರಿ ಕಾಡು ಬಿಟ್ಟೇ ಓಡಿತು.

ಮಾರ್ಥಮ್ಮ ಮಗಳನ್ನು ನೆಕ್ಕಿದಳು, ಅತ್ತಳು, ಮತ್ತೆ ನೆಕ್ಕಿದಳು. "ಸದ್ಯ, ಮರಿ ಉಳಿಯಿತಲ್ಲಪ್ಪಾ!" ಎಂದು ಎಲ್ಲರಿಗೂ ಹೋದ ಜೀವ ಬಂದಂತಾಯಿತು. "ತಪ್ಪಾಯಿತು ಅಯ್ಯನವರೇ," ಎನ್ನುತ್ತಾ ಕುರಿಗಳು ತಾವಾಗಿಯೇ ಸಾಲು ನಿಂತವು. ಹನ್ನ ತಲೆ ಮುಟ್ಟಿಸಿಕೊಂಡು, ಸುತ್ತಿ ಬಂದು, ಸಾಲಿನ ಕೊನೆಯಲ್ಲಿ ಇನ್ನೊಂದು ಸಲ ನಿಂತಳು.

ನೀತಿ: ಸವಿಮಾತು ಯಾರು ಬೇಕಾದರೂ ಆಡಬಹುದು, ಒಂದು ಮರಿ ಕಾಣದಿದ್ದರೂ ಹೆಸರು ಹಿಡಿದು ಹುಡುಕುವವನೇ ಸಭೆಯ ನಿಜವಾದ ಕುರುಬ.