ಕರ್ನಲ್ ಸಾಹೇಬರ ತಂಪು ಗಾಳಿ

ಮಿಲಿಟರಿ ಕ್ಯಾಂಪಿನಲ್ಲಿ ಜವಾನರಿಗೆಂದು ಜಿಮ್ ಎದ್ದಿತು. ಇದ್ದ ಹಣವೆಲ್ಲ ಗೋಡೆಗೂ ತಗಡಿಗೂ ಮುಗಿದುಹೋಯಿತು. ಆಗ ಡೊಳ್ಳುಹೊಟ್ಟೆಯ ಕರ್ನಲ್ ಸಾಹೇಬರು ಬಂದು, ಕಟ್ಟಡದ ಉಸ್ತುವಾರಿ ಹವಾಲ್ದಾರ್ ಚೆಂಗಪ್ಪನನ್ನು ಗದರಿದರು:

"ಏನಯ್ಯಾ ಈ ಸೆಕೆ! ನಾಳೆಗೆ ಇಲ್ಲಿ ಎ.ಸಿ. ಇರಬೇಕು. ಇಲ್ಲದಿದ್ದರೆ ನಿನಗೆ ರಜೆ ಇಲ್ಲ."

ಚೆಂಗಪ್ಪನಿಗೋ ತಂಗಿಯ ಮದುವೆಗೆ ಹೋಗಲೇಬೇಕು. ಅವನು ಗುಜರಿಯಿಂದ ಹಳೇ ಸೈಕಲ್ ತಂದು, ಅದರ ಚೈನನ್ನು ದೊಡ್ಡ ಫ್ಯಾನಿಗೆ ಜೋಡಿಸಿದ. ಮರುದಿನ ಜವಾನನೊಬ್ಬ ಪೆಡಲ್ ತುಳಿದ. ಗಾಳಿ ಜೋರಾಗಿ ಬೀಸಿತು. ಸಾಹೇಬರು ಎದುರಿಗೆ ಕುರ್ಚಿ ಹಾಕಿಸಿಕೊಂಡು ಕೂತರು.

"ಭೇಷ್! ದಿನಾ ಇವನೇ ತುಳಿಯಲಿ."

"ಆಗಲಿ ಸಾರ್. ಆದರೆ ಗಾಳಿ ನಿಮಗೆ ಬರುತ್ತೆ, ಹೊಟ್ಟೆ ಅವನದು ಕರಗುತ್ತೆ."

ಸಾಹೇಬರು ಜವಾನನ ಹೊಟ್ಟೆ ನೋಡಿದರು, ತಮ್ಮದನ್ನೂ ನೋಡಿಕೊಂಡರು. ಗಹಗಹಿಸಿ ನಕ್ಕು, "ಹೋಗಯ್ಯಾ, ಮದುವೆ ಮುಗಿಸಿಕೊಂಡು ಬಾ" ಎನ್ನುತ್ತಾ ತಾವೇ ಸೈಕಲ್ ಹತ್ತಿದರು. ದಣಿದಿದ್ದ ಜವಾನ ಮೆಲ್ಲನೆ ಸಾಹೇಬರ ಕುರ್ಚಿಯಲ್ಲಿ ಕೂತು ಗಾಳಿಗೆ ಮುಖವೊಡ್ಡಿದ.